ಭಾನುವಾರ ಬೌಲ್ ತೊಳೆಯುವ ಯಜಮಾನರಿಗೆ

ಮಾನ್ಯ ಯಜಮಾನರೇ,

ಇತ್ತ ನಾವೆಲ್ಲ ಕ್ಷೇಮ. ಟೀವಿ ಪಕ್ಕದ ಗಾಜಿನ ಬೌಲ್‌ನಲ್ಲಿರುವ ನಿಮ್ಮ ಫೈಟರ್ ಮೀನಿನ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ ಎನ್ನೋಣವೆಂದರೆ, ನಿಮ್ಮ ಕಾಗದ ನಮಗೆ ಮುಟ್ಟುವಷ್ಟರಲ್ಲಿ ಮೀನು ಬದಲಾಗಿರುತ್ತದೆ. ಹಾಗಾಗಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಿಮ್ಮಂಥವರು ಒಬ್ಬರೇ ಅಲ್ಲವಲ್ಲ, ಅಪಾರ್ಟ್‌ಮೆಂಟಿಗೆ ನಾಲ್ಕಾರು ಮಂದಿ ಇದ್ದೀರಿ. ಯಾರಿಗೆ ತಾಗಬೇಕೋ ಅವರಿಗೆ ತಾಗಲಿ.

ಮೊದಲು ಅಭಿನಂದನೆ. ನಿಮ್ಮ ಮೀನಿನ ಬೌಲ್‌ನಷ್ಟು ಶುಭ್ರವಾದ ವಸ್ತು ನಿಮ್ಮ ಮನೆಯಲ್ಲಿ ಇನ್ನೊಂದಿಲ್ಲ. ದೇವರಮನೆಯ ಪಂಚಪಾತ್ರೆಗೂ ಆ ಹೊಳಪಿಲ್ಲ. ಭಾನುವಾರ ತಿಂಡಿ ಮುಗಿಸಿ, ಲುಂಗಿ ಎತ್ತಿ ಕಟ್ಟಿ, ನೀವು ಸಿಂಕಿನ ಮುಂದೆ ನಿಲ್ಲುವುದನ್ನು ನೋಡಬೇಕು. ಮೀನಿಗೆ ಸ್ನಾನದ ಮಗ್ಗಿಗೆ ವರ್ಗಾವಣೆ. ಹಳೆಯ ನೀರಷ್ಟೂ ಮೋರಿಗೆ. ಬಣ್ಣದ ಕಲ್ಲುಗಳು ಜರಡಿಗೆ, ಅವುಗಳ ಮೇಲೆ ಗೀಸರಿನ ಬಿಸಿನೀರು. ಪ್ಲಾಸ್ಟಿಕ್ ಗಿಡಕ್ಕೆ ಹಳೆಯ ಟೂತ್ ಬ್ರಶ್. ಬೌಲ್‌ಗೆ ಪಾತ್ರೆ ಸೋಪು, ಹಸಿರು ಸ್ಕ್ರಬರ್, ನಿಮ್ಮ ಮೊಣಕೈಯ ಪೂರ್ತಿ ಬಲ. ಆಮೇಲೆ ನಲ್ಲಿ ತಿರುಗಿಸಿ ತಾಜಾ ನೀರು ತುಂಬಿ, ಮೀನನ್ನು ಮಗ್ಗಿನಿಂದ ಗುಳುಂ ಅನ್ನಿಸಿ, ಬೌಲ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಮನೆಯವರನ್ನು ಕರೆಯುತ್ತೀರಿ: "ನೋಡು ಬಾರೇ, ಹೇಗೆ ಫಳಫಳ ಅಂತಿದೆ!"

ಮಂಗಳವಾರ ಮೀನು ತಳ ಸೇರುತ್ತದೆ. ಗುರುವಾರ ತೇಲುತ್ತದೆ. "ಅಷ್ಟು ಕ್ಲೀನಾಗಿ ಇಟ್ಟುಕೊಂಡಿದ್ವಿ, ಆದರೂ ಹೋಯ್ತು" ಎಂದು ನೀವು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೀರಿ. ಆದರೂ ಅಲ್ಲ ಸ್ವಾಮಿ, ಅದಕ್ಕೇ ಹೋಯ್ತು.

ನಿಮ್ಮ ಕಣ್ಣಿಗೆ ಬೀಳುವ ಕೊಳೆಗೂ ಮೀನಿಗೆ ತಟ್ಟುವ ಕೊಳೆಗೂ ಸಂಬಂಧವೇ ಇಲ್ಲ. ತಿಂದ ಪ್ರೋಟೀನಿನ ಕಸವನ್ನು ಮೀನು ಬಹುಪಾಲು ಕಿವಿರಿನ ಮೂಲಕವೇ ಅಮೋನಿಯಾ ಮಾಡಿ ನೀರಿಗೆ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ. ಕಿವಿರು ಸುಡುವಷ್ಟು ಸೇರಿದಾಗಲೂ ನೀರು ನೀವು ಮೆಚ್ಚುವಷ್ಟೇ ತಿಳಿಯಾಗಿರುತ್ತದೆ. ನೀರಿನಲ್ಲಿ ಕ್ಷಾರ ಹೆಚ್ಚಿದಷ್ಟೂ ಅದರ ವಿಷವೂ ಹೆಚ್ಚು. ಬಕೆಟ್ಟಿನ ಅಂಚಿಗೆಲ್ಲ ಬಿಳಿ ಕಟ್ಟುವ ಬೋರ್‌ವೆಲ್ ನೀರು ಬರುವ ಬಡಾವಣೆಯವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬೇಕು. ಈ ವಿಷವನ್ನೇ ಊಟ ಮಾಡುವ ಬ್ಯಾಕ್ಟೀರಿಯಾಗಳಿವೆ. ನೈಟ್ರೊಸೊಮೋನಾಸ್ ಕುಲದವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ನೈಟ್ರೊಸ್ಪೈರಾ ಕುಲದವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದರಿಂದ ಅಂಥ ಅಪಾಯವಿಲ್ಲ, ಆಗಾಗ ಒಂದಿಷ್ಟು ನೀರು ತೆಗೆದು ಹೊಸದು ಹಾಕಿದರೆ ಹತೋಟಿಯಲ್ಲಿರುತ್ತದೆ. ಇವೆಲ್ಲ ತೇಲಾಡಿಕೊಂಡಿರುವ ಜೀವಿಗಳಲ್ಲ. ಕಲ್ಲಿಗೆ, ಗಿಡಕ್ಕೆ, ಗಾಜಿಗೆ, ಫಿಲ್ಟರಿನ ಸ್ಪಾಂಜಿಗೆ ಅಂಟಿಕೊಂಡು ಸಂಸಾರ ಹೂಡುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಏಳು ದಿನಕ್ಕೊಮ್ಮೆ ಅವುಗಳ ಮೇಲೆ ಗೀಸರ್ ನೀರು ಹೊಯ್ಯುತ್ತೀರಿ. ಹೆಪ್ಪಿಗೆಂದು ಒಂದು ಚಮಚ ಮೊಸರನ್ನೂ ಉಳಿಸದೆ ಪಾತ್ರೆ ಬೆಳಗಿಟ್ಟು, ಬೆಳಿಗ್ಗೆ ಎದ್ದು ಹಾಲೇಕೆ ಹೆಪ್ಪಾಗಲಿಲ್ಲ ಎಂದು ಹಾಲಿನವನನ್ನು ಬೈದ ಹಾಗಾಯಿತು ಇದು.

ನಿಮ್ಮ ಹೊಸ ನೀರಿನ ಗುಣಗಾನವನ್ನೂ ಮಾಡಬೇಕು. ಕಾವೇರಿಯನ್ನು ನಮ್ಮ ಹೊಟ್ಟೆಗೆ ಒಗ್ಗಿಸಲು ಅದಕ್ಕೆ ಕ್ಲೋರಿನ್ ಬೆರೆಸುತ್ತಾರೆ. ನಮಗೆ ಒಳ್ಳೆಯದು, ಕಿವಿರಿಗೆ ಕೆಟ್ಟದ್ದು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಬಹಳಷ್ಟು ಹಾರಿಹೋಗುತ್ತದೆ. ಆತುರವಿದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂಬ ಪುಟ್ಟ ಬಾಟಲಿ ಸಿಗುತ್ತದೆ, ಕೆಲವು ಹನಿ ಸಾಕು. ಬಿಸಿ ತಂಪು ಕೂಡ ಹಳೆಯ ನೀರಿಗೆ ಹೊಂದಬೇಕು. ಮಹಡಿ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಸುಡುತ್ತದೆ, ಬೆಳಗಿನ ಜಾವ ಕೊರೆಯುತ್ತದೆ, ಮೀನಿಗೆ ಎರಡೂ ಒಗ್ಗದು. ಆದರೆ ಇಷ್ಟೆಲ್ಲ ತಾಪತ್ರಯ ಮಾಡಿದರೆ ನಿಮ್ಮ ಭಾನುವಾರದ ವೈಭವಕ್ಕೆ ಕುಂದು ಬರುವುದು ಖಂಡಿತ.

ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ನಿಮಗೆ ದೀಕ್ಷೆ ಕೊಟ್ಟವರೊಬ್ಬರಿದ್ದಾರೆ. ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲೂ ಒಬ್ಬೊಬ್ಬ ಬೆಟ್ಟಾ (ನಿಮ್ಮ ಫೈಟರ್‌ನ ಇನ್ನೊಂದು ಹೆಸರು), ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ನಡುವೆ ರಟ್ಟು. ಅಂಗಡಿಯವರು ಒಂದು ಡಬ್ಬಿ ಎತ್ತಿಕೊಟ್ಟು ಉಪದೇಶಿಸುತ್ತಾರೆ: "ಫೈಟರ್‌ಗೆ ಏನೂ ಬೇಡ ಸಾರ್. ಮೋಟರ್ ಬೇಡ, ಆಕ್ಸಿಜನ್ ಬೇಡ. ಒಂದು ಬೌಲ್ ಇದ್ರೆ ಆಯ್ತು." ಅವರು ಹೇಳಿದ್ದರಲ್ಲಿ ಕಾಲುಭಾಗ ನಿಜ. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಎಂಬ ಅಂಗವಿದೆ. ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸಿ ಅದರಿಂದಲೂ ಆಮ್ಲಜನಕ ಹೀರಿಕೊಳ್ಳಬಲ್ಲದು. ಆದ್ದರಿಂದ ಬೇರೆ ಮೀನು ಒಂದೇ ದಿನಕ್ಕೆ ಪ್ರಾಣ ಬಿಡುವ ಡಬ್ಬಿಯಲ್ಲಿ ಇದು ವಾರಗಟ್ಟಲೆ ಸಾಯದೆ ಇರುತ್ತದೆ. ಸಾಯದೆ ಇರುವುದನ್ನೇ ಅಂಗಡಿಯವರು ಸುಖವಾಗಿದೆ ಎಂದರು. ನೀವೂ ಒಪ್ಪಿದಿರಿ. ಮೀನನ್ನು ಯಾರೂ ಕೇಳಲಿಲ್ಲ.

ಅದರ ತವರಿನ ಕತೆಯನ್ನೂ ಅವರು ಹೇಳಿರುತ್ತಾರೆ: "ಗದ್ದೆ ಕೆಸರಿನಲ್ಲಿ ಬದುಕೋ ಮೀನು ಸಾರ್." ತವರು ಥಾಯ್ಲೆಂಡಿನ ಚಾವೊ ಪ್ರಯಾ ನದಿಯ ಬಯಲು. ಅಲ್ಲಿಯವರು ಪ್ಲಾ ಕಟ್ ಎನ್ನುತ್ತಾರೆ. 1910ರಲ್ಲಿ ಚಾರ್ಲ್ಸ್ ಟೇಟ್ ರೀಗನ್ ಎಂಬ ಮೀನುತಜ್ಞ ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂದು ನಾಮಕರಣ ಮಾಡಿದ. ಗದ್ದೆ, ಜೌಗು, ಕಾಲುವೆಗಳಲ್ಲಿ ಇರುವುದು ನಿಜ, ನೀರು ಮೊಣಕಾಲುದ್ದ ಇರುವುದೂ ನಿಜ. ಆದರೆ ಆಳವಿಲ್ಲದ ಮಾತ್ರಕ್ಕೆ ಅಗಲವಿಲ್ಲ ಎಂದು ಯಾರು ಹೇಳಿದರು? ಮಂಡ್ಯದ ರೈತನನ್ನು ಕೇಳಿ, ಒಂದು ಗದ್ದೆಗೆ ಎಷ್ಟು ನೀರು ಕಟ್ಟುತ್ತಾನೆಂದು ಹೇಳುತ್ತಾನೆ. ನಿಮ್ಮ ಬೌಲ್ ಮೂರು ಲೀಟರಿನದು, ಅದರಲ್ಲೂ ಅರ್ಧ ಲೀಟರ್ ಜಾಗವನ್ನು ಬಣ್ಣದ ಕಲ್ಲು ತಿಂದಿದೆ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಅದಕ್ಕೂ ಮೂರು ವರ್ಷ ಮೊದಲು ಅಲ್ಲಿನ ಧ್ವಜದ ಬಣ್ಣಗಳೇ ಮೈಮೇಲೆ ಮೂಡಿದ್ದ ಒಂದು ಮೀನು 53,500 ಬಾತ್‌ಗೆ ಹರಾಜಾಗಿತ್ತು. ನಿಮ್ಮದು ಅದೇ ವಂಶದ ಕುಡಿ, ಸಿಕ್ಕಿದ್ದು ಮಾತ್ರ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡಿಗೆ.

ಈಗ ನಿಮ್ಮನ್ನು ನಿಜಕ್ಕೂ ಮುಜುಗರಕ್ಕೆ ಈಡುಮಾಡುವ ವಿಷಯ. ಒಂದು ಬೆಳಿಗ್ಗೆ ನೀರಿನ ಮೇಲೆ, ಗಾಜಿನ ಅಂಚಿಗೆ ಒತ್ತಿಕೊಂಡು, ಎಂಟಾಣೆಯಗಲದ ನೊರೆ ನಿಂತಿತ್ತಲ್ಲ? ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒಂದರ ಮೇಲೊಂದು, ಒಡೆಯದೆ. "ಥೂ, ನೀರು ಕೆಟ್ಟಿದೆ" ಎಂದು ಟಿಶ್ಯೂ ಪೇಪರಿನಲ್ಲಿ ಒರೆಸಿ ತೆಗೆದಿರಿ. ಅದು ಮನೆ ಸ್ವಾಮಿ. ಗಂಡು ಬೆಟ್ಟಾ ಗಾಳಿ ಗುಟುಕರಿಸಿ, ಒಂದೊಂದೇ ಗುಳ್ಳೆಗೆ ಬಾಯಿಯ ಲೋಳೆ ಸವರಿ ಮೇಲೆ ಬಿಟ್ಟು ಕಟ್ಟುವ ಗೂಡು. ಹೆಣ್ಣು ಇಟ್ಟ ಮೊಟ್ಟೆ ಕೆಳಗೆ ಜಾರಿದರೆ ಬಾಯಲ್ಲಿ ಹೆಕ್ಕಿ ತಂದು ಅದೇ ಗುಳ್ಳೆಗಳಲ್ಲಿ ಕೂರಿಸುವವನೂ ಅವನೇ. ಮರಿ ಈಜುವವರೆಗೆ ಕಾವಲೂ ಅವನದೇ. ಹೆಣ್ಣೇ ಇಲ್ಲದ ಬೌಲ್‌ನಲ್ಲೂ ಅವನು ಕಟ್ಟುತ್ತಾನೆ. ನೀವು ಒರೆಸಿದ ಮರುದಿನವೂ ಕಟ್ಟಿದ್ದ. ಅದನ್ನೂ ಒರೆಸಿದಿರಿ.

ಬಾದಾಮಿ ಎಲೆಯ ಸಂಗತಿಯೂ ಇಷ್ಟೇ ಚೆನ್ನಾಗಿದೆ. ನಿಮ್ಮ ಬೀದಿಯಲ್ಲಿ ಮರವಿದೆ ನೋಡಿ, ಅಡ್ಡಡ್ಡ ಕೊಂಬೆ ಚಾಚಿ, ವರ್ಷದಲ್ಲಿ ಒಂದೆರಡು ಸಲ ಎಲೆಯೆಲ್ಲ ಕೆಂಪಾಗಿಸಿಕೊಂಡು ಉದುರಿಸಿ, ಕಾರಿನ ಮೇಲೆ ಕಸ ಬೀಳುತ್ತದೆಂದು ನೀವು ಕಡಿಸಲು ಅರ್ಜಿ ಕೊಟ್ಟ ಮರ. ಅದರ ಒಣಗಿದ ಎಲೆಯನ್ನು ಬೆಟ್ಟಾ ಸಾಕುವವರು ನೀರಿಗೆ ಹಾಕುತ್ತಾರೆ. ಅದರಿಂದ ಇಳಿಯುವ ಟ್ಯಾನಿನ್ ನೀರನ್ನು ಕೊಂಚ ಆಮ್ಲೀಯಗೊಳಿಸಿ ಚಹಾದ ಬಣ್ಣಕ್ಕೆ ತಿರುಗಿಸುತ್ತದೆ, ಬೂಷ್ಟನ್ನು ಒಂದಿಷ್ಟು ದೂರ ಇಡುತ್ತದೆ. ಕಾಡಿನ ಬೆಟ್ಟಾಗಳು ಇರುವುದೂ ಎಲೆ ಕೊಳೆತು ಕಂದಾದ ಅಂಥ ನೀರಿನಲ್ಲೇ. ಬೆಳಿಗ್ಗೆ ಪೌರಕಾರ್ಮಿಕರು ಗುಡಿಸಿ ರಾಶಿ ಹಾಕುವ ಆ ಎಲೆಯನ್ನೇ ಪ್ಯಾಕೆಟ್ಟಿನಲ್ಲಿ ತುಂಬಿ ಆನ್‌ಲೈನಿನಲ್ಲಿ ಮಾರುತ್ತಾರೆ. ಹೊಗೆ, ಔಷಧಿ ಸಿಂಪಡಣೆ ತಾಗದ ಮರದ್ದಾದರೆ ತೊಳೆದು ಒಣಗಿಸಿ ನೀವೂ ಹಾಕಬಹುದಿತ್ತು. ಆದರೆ ಕಂದು ನೀರೇ? ನಿಮ್ಮ ಮನೆಯಲ್ಲೇ? ನೆಂಟರು ಏನೆಂದುಕೊಂಡಾರು!

ಊಟದ ವಿಚಾರ ಬೇಗ ಮುಗಿಸುತ್ತೇನೆ. ಅದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟು. ಹೊತ್ತಿಗೆ ಮೂರು ನಾಲ್ಕು ಕಾಳು ಪೆಲೆಟ್ ಸಾಕು. ಮಗಳು ಒಂದು ಚಿಟಿಕೆ, ಅಜ್ಜಿ ಒಂದು ಚಿಟಿಕೆ, ರಾತ್ರಿ ಮನಸ್ಸು ತಡೆಯದೆ ನೀವೊಂದು ಚಿಟಿಕೆ ಹಾಕಿದರೆ ಉಳಿದದ್ದು ಕೊಳೆತು ಮತ್ತೆ ಅಮೋನಿಯಾ. ವಾರಕ್ಕೊಂದು ಏಕಾದಶಿ ಮಾಡಿಸಿ, ಪುಣ್ಯ ನಿಮಗೆ, ಆರೋಗ್ಯ ಅದಕ್ಕೆ.

ಚಳಿಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಇದು ಉಷ್ಣವಲಯದ ಮೀನು, ಬೇಕಾದ್ದು 24ರಿಂದ 28 ಡಿಗ್ರಿ. ಮಂಗಳೂರಿನವರು ನಿಶ್ಚಿಂತೆಯಿಂದಿರಬಹುದು. ಬೆಂಗಳೂರಿನಲ್ಲಿ ಡಿಸೆಂಬರಿನ ರಾತ್ರಿ 15ರ ಸುಮಾರಿಗೆ ಇಳಿಯುತ್ತದೆ. ಬೌಲ್‌ನ ಮೂರು ಲೀಟರ್ ನೀರು ಬೆಳಗಾಗುವಷ್ಟರಲ್ಲಿ ತಣ್ಣಗೆ. ನೀವು ಸ್ವೆಟರ್ ಹಾಕಿಕೊಂಡು, ಮಂಕಿ ಕ್ಯಾಪ್ ಎಳೆದುಕೊಂಡು ಬಂದು ನೋಡಿ, "ಯಾಕೋ ಇವತ್ತು ಸೋಮಾರಿಯಾಗಿದೆ" ಎನ್ನುತ್ತೀರಿ. ಹೀಗೆ ಸೊರಗಿದ ಮೀನಿನ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ಏಳುತ್ತದೆ, ರೆಕ್ಕೆಯ ಅಂಚು ಹರಿದು ಸವೆಯುತ್ತದೆ. ಅಂಗಡಿಗೆ ಓಡಿದರೆ ಯಾವ ಕಾಯಿಲೆಗೂ ಅದೇ ನೀಲಿ ಔಷಧಿ. ಅದು ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಮುಗಿಸುತ್ತದೆ, ಬೌಲ್ ಮಾತ್ರ ನೋಡಲು ಬಲು ಚೆಂದ.

ಇಷ್ಟಾದರೂ ನಿಮ್ಮನ್ನು ಸೋಲಿಸಲಾಗದು ಎಂದು ಗೊತ್ತು. ಏಕೆಂದರೆ ಬೌಲ್ ಇಟ್ಟಿರುವುದು ಈಶಾನ್ಯ ಮೂಲೆಯಲ್ಲಿ, ಜೋಯಿಸರು ಹೇಳಿದ ಜಾಗದಲ್ಲಿ. ಮೀನು ಸತ್ತರೆ ಮನೆಗೆ ಬರಬೇಕಿದ್ದ ಕಂಟಕವನ್ನು ತಾನೇ ಹೊತ್ತುಕೊಂಡು ಹೋಯಿತು ಎಂದು ಅತ್ತೆಯವರು ಕೈಮುಗಿಯುತ್ತಾರೆ. ಎಂಥ ವ್ಯವಸ್ಥೆ! ಬದುಕಿದರೆ ಲಕ್ಷ್ಮಿ, ಸತ್ತರೆ ರಕ್ಷೆ. ಯಾವ ಆಸ್ಪತ್ರೆಗೂ ಇಂಥ ಕಾನೂನು ರಕ್ಷಣೆ ಸಿಕ್ಕಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಚೆನ್ನಾಗಿ ನೋಡಿಕೊಂಡರೆ ಬೆಟ್ಟಾ ಎರಡರಿಂದ ನಾಲ್ಕು ವರ್ಷ ಇರುತ್ತದೆ. ನಿಮ್ಮಲ್ಲಿ ತಿಂಗಳಿಗೊಂದು ಹೋಗುತ್ತಿದೆ ಎಂದರೆ ನಿಮ್ಮ ಮನೆಯ ಮೇಲೆ ಅದೆಷ್ಟು ಕಂಟಕ ಕಾದು ಕುಳಿತಿರಬೇಕು! ಮೀನು ಬಿಡಿ, ಆ ಜೋಯಿಸರನ್ನೇ ಬದಲಿಸಬೇಕಾದ ಪ್ರಮಾಣ ಅದು.

ಇಟಲಿಯವರು ನಿಮ್ಮ ಅಭಿರುಚಿಗೆ ಒಗ್ಗದ ಜನ. ಮೊಂಜಾ ಪಟ್ಟಣದಲ್ಲಿ 2004ರಲ್ಲೇ ದುಂಡು ಬೌಲ್‌ನಲ್ಲಿ ಮೀನಿಡುವುದನ್ನು ನಿಷೇಧಿಸಿದರು. ಬಾಗಿದ ಗಾಜಿನಿಂದ ಮೀನಿಗೆ ಲೋಕವೇ ಸೊಟ್ಟಗೆ ಕಾಣುತ್ತದೆ ಎಂಬುದು ಅವರ ವಾದ. ಮರುವರ್ಷ ರೋಮ್ ನಗರವೂ ಅದೇ ದಾರಿ ಹಿಡಿಯಿತು. ನಮ್ಮಲ್ಲಿ ಪಾಲಿಕೆಗೆ ಗುಂಡಿ ಮುಚ್ಚಲೇ ಪುರುಸೊತ್ತಿಲ್ಲ, ನೀವು ಹೆದರಬೇಕಾಗಿಲ್ಲ.

ಹಾಗೂ ಎಂದಾದರೂ ಮನಸ್ಸು ಬದಲಾದರೆ, ಒಂದಡಿ ನಾಲ್ಕಂಗುಲ ಉದ್ದ, ಹತ್ತಂಗುಲ ಅಗಲ, ಹತ್ತಂಗುಲ ಎತ್ತರದ ಗಾಜಿನ ತೊಟ್ಟಿ ಕೊಳ್ಳಿ. ಇಪ್ಪತ್ತು ಲೀಟರ್ ಆರಾಮಾಗಿ ಹಿಡಿಯುತ್ತದೆ, ಈಶಾನ್ಯ ಮೂಲೆಗೂ ಹೊಂದುತ್ತದೆ. ಒಂದು ಸ್ಪಾಂಜ್ ಫಿಲ್ಟರ್ ಹಾಕಿ, ಗಾಳಿ ಮೆಲ್ಲಗಿರಲಿ. ಆ ಉದ್ದ ರೆಕ್ಕೆ ಹೊತ್ತವನಿಗೆ ಸೆಳವಿನಲ್ಲಿ ಈಜಲಾಗದು. ಪುಟ್ಟ ಹೀಟರ್ ಇರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ತೆಗೆಯಿರಿ, ಸ್ಪಾಂಜನ್ನು ಆ ತೆಗೆದ ನೀರಲ್ಲೇ ಹಿಂಡಿ, ನಲ್ಲಿ ಕೆಳಗೆ ಬೇಡ. ಮುಚ್ಚಳ ಮರೆಯಬೇಡಿ, ಇವನು ಜಿಗಿಯುತ್ತಾನೆ. ನೀರಿಗೂ ಮುಚ್ಚಳಕ್ಕೂ ನಡುವೆ ಮೂರು ಬೆರಳು ಗಾಳಿ ಬಿಡಿ. ಹೊಸ ತೊಟ್ಟಿ ಬರುವವರೆಗೆ ಹಳೆಯ ಬೌಲ್‌ನಲ್ಲೇ ಎರಡು ದಿನಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸುತ್ತಾ ಕಲ್ಲನ್ನು ಅದರ ಪಾಡಿಗೆ ಬಿಡಿ. ಗಾಜಿಗೆ ಪಾಚಿ ಕಟ್ಟಿದರೆ ಮುಂದಿನ ಮಗ್ಗುಲನ್ನಷ್ಟೇ ಒರೆಸಿ.

ಹಿರಿಯರಿಗೆ ನಮಸ್ಕಾರ ತಿಳಿಸಿ, ಮಗಳಿಗೆ ಆಶೀರ್ವಾದ.

ಇಂತಿ,
ನಿಮ್ಮ ಎದುರು ಮನೆಯವ

ವಿ.ಸೂ.: ಸ್ಕ್ರಬರ್ ಹಿಡಿಯದೆ ಕೈ ನಿಲ್ಲದಿದ್ದರೆ, ನಮ್ಮ ಮನೆಯಲ್ಲಿ ಪಾಯಸ ತಳಹಿಡಿದ ಪಾತ್ರೆಯೊಂದಿದೆ. ಬಾಗಿಲು ತೆಗೆದೇ ಇರುತ್ತದೆ, ಬನ್ನಿ.