ಬೆನ್ನು ಹಾಕಿ ಕೂತವಳ ಸಿಟ್ಟು

ನಾಯಿಗೆ ಮುನಿಸಿಕೊಳ್ಳಲು ಬರುವುದಿಲ್ಲ. ಬೈದರೆ ಬಾಲ ಮುದುರುತ್ತದೆ, ಎರಡು ನಿಮಿಷಕ್ಕೆ ಎಲ್ಲ ಮರೆತು ಕಾಲು ನೆಕ್ಕಲು ಬರುತ್ತದೆ. ಹಸುವಿಗೆ ಸಿಟ್ಟು ಬಂದರೆ ಒದೆಯುತ್ತದೆ, ಲೆಕ್ಕ ಅಲ್ಲಿಗೆ ಚುಕ್ತಾ. ಕೋಪವನ್ನು ಭದ್ರವಾಗಿ ಎತ್ತಿಟ್ಟು, ಹದವಾಗಿ ಹುಳಿ ಬರಿಸಿ, ಬೇಕಾದಾಗ ಬೇಕಾದಷ್ಟೇ ಬಡಿಸುವ ವಿದ್ಯೆ ಒಲಿದಿರುವುದು ಇಬ್ಬರಿಗೆ. ಒಬ್ಬರು, ಮದುವೆಮನೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲವೆಂದು ಊಟ ಬಿಟ್ಟು ಹೊರಡುವ ಸೋದರಮಾವ. ಇನ್ನೊಬ್ಬರು ಬೆಕ್ಕು. ಸೋದರಮಾವನನ್ನು ಗೇಟಿನ ತನಕ ಓಡಿಹೋಗಿ ಕೈಹಿಡಿದು ಕರೆತರಬಹುದು. ಬೆಕ್ಕಿನ ಹಿಂದೆ ಓಡಿದರೆ ಅದು ಬೀರುವಿನ ಮೇಲೆ ಹತ್ತಿ ಕೂರುತ್ತದೆ.

ನಮ್ಮದು ಉಡುಪಿ ಕಡೆಯ ಮೀನು ತಿನ್ನುವ ಮನೆ. ಸುಬ್ಬಿ ಎಂಬ ಬೂದು ಪಟ್ಟೆಯ ಬೆಕ್ಕಿಗೆ ನಾವು ಆಶ್ರಯ ಕೊಟ್ಟಿದ್ದೇವೆ ಎಂದು ನಮ್ಮ ತಿಳುವಳಿಕೆ. ಅವಳ ತಿಳುವಳಿಕೆ ಬೇರೆ. ವರ್ಷದ ಹತ್ತು ತಿಂಗಳು ವ್ಯವಹಾರ ಸುಸೂತ್ರ. ಬೆಳಿಗ್ಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿದ ಕೂಡಲೇ ನನಗಿಂತ ಮೊದಲು ಅವಳು ಗೇಟಿನಲ್ಲಿ. ಬೂತಾಯಿಯ ತಲೆ ಅವಳಿಗೆ, ಉಳಿದದ್ದು ನಮಗೆ. ಬಂಗುಡೆಯಾದರೆ ತಲೆಯ ಜೊತೆಗೆ ಬಾಲದ ತುಂಡೂ ಅವಳಿಗೇ ಸಲ್ಲಬೇಕು. ಈ ಕರಾರು ಯಾವಾಗ ಆಯಿತು, ಯಾರು ಸಹಿ ಹಾಕಿದರು ಎಂದು ಕೇಳಬೇಡಿ.

ತಕರಾರು ಶುರುವಾಗುವುದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ಸಂತಾನ ಉಳಿಯಬೇಕಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ. ನಾಡದೋಣಿಯವರು ತರುವ ನಾಲ್ಕು ಮೀನಿಗೆ ಕೈ ಸುಡುವ ರೇಟು. ನಾವೆಲ್ಲ ಒಣಮೀನು, ಹಲಸಿನ ಬೀಜದ ಸಾರಿಗೆ ಹೊಂದಿಕೊಳ್ಳುತ್ತೇವೆ. ಸರ್ಕಾರದ ಈ ಆದೇಶ ಸುಬ್ಬಿಗೆ ಮಾತ್ರ ಈವರೆಗೆ ತಲುಪಿಲ್ಲ. ತಲುಪಿದ್ದರೂ ಅವಳು ಅದರ ಮೇಲೆ ಮಲಗುತ್ತಿದ್ದಳು.

ಮೊದಲ ದಿನ ಅನ್ನಕ್ಕೆ ಒಣಸಿಗಡಿ ಪುಡಿ ಮಾಡಿ ಕಲಸಿ ಬಟ್ಟಲಲ್ಲಿಟ್ಟೆ. ಬಂದಳು. ಮೂಸಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಬಲಗಾಲು ಮುಂದೆ ಚಾಚಿ, ಬಟ್ಟಲಿನ ಸುತ್ತ ರೆಡ್ ಆಕ್ಸೈಡ್ ನೆಲವನ್ನು ಕೆರೆಯತೊಡಗಿದಳು. ಕೆರೆಯುವುದು, ಮೂಸುವುದು, ಇನ್ನೊಂದು ಬದಿಗೆ ಹೋಗಿ ಮತ್ತೆ ಕೆರೆಯುವುದು. ಹಿತ್ತಲಿನಲ್ಲಿ ಹೇಲಿನ ಮೇಲೆ ಮಣ್ಣು ಮುಚ್ಚುತ್ತಾಳಲ್ಲ, ಅದೇ ಶ್ರದ್ಧೆ. ಬಾಗಿಲಲ್ಲಿ ನಿಂತಿದ್ದ ಅತ್ತೆ, “ನೋಡು ಮಾರಾಯ್ತಿ, ನೀನು ಮಾಡಿದ ಅಡುಗೆಗೆ ಅದು ಮಣ್ಣು ಹಾಕ್ತಾ ಉಂಟು” ಎಂದರು. ಇಷ್ಟು ವರ್ಷ ಅವರು ಬಾಯಿಬಿಟ್ಟು ಹೇಳದೆ ತಡೆದುಕೊಂಡಿದ್ದ ಅಭಿಪ್ರಾಯವನ್ನು ಬೆಕ್ಕು ಹೇಳಿಕೊಟ್ಟ ಸಮಾಧಾನ ಆ ಸ್ವರದಲ್ಲಿತ್ತು. ಬೇಡದ ಆಹಾರವನ್ನು ಬೇರೆ ಪ್ರಾಣಿಗಳ ಮೂಗಿಗೆ ಸಿಗದ ಹಾಗೆ ಮುಚ್ಚಿಡುವ ಕಾಡುಬುದ್ಧಿಯ ಉಳಿಕೆ ಇದು ಎಂದು ಪ್ರಾಣಿಗಳ ವರ್ತನೆ ಬಲ್ಲವರು ಹೇಳುತ್ತಾರೆ. ಆ ವಿವರಣೆಯನ್ನು ನಾನು ಗಟ್ಟಿಯಾಗಿ ಎರಡು ಸಲ ಹೇಳಿದೆ. ಅತ್ತೆ “ಹೌದಾ?” ಎಂದು ಒಳಗೆ ಹೋದರು.

ಇಷ್ಟಾದ ಮೇಲೆ ನಿಜವಾದ ಮುನಿಸು. ಸುಬ್ಬಿ ಹಾಲ್‌ಗೂ ಅಡುಗೆಮನೆಗೂ ನಡುವೆ, ಎಲ್ಲರೂ ದಾಟಿಕೊಂಡೇ ಹೋಗಬೇಕಾದ ಜಾಗದಲ್ಲಿ, ನಮಗೆ ಬೆನ್ನು ಹಾಕಿ ಕೂತಳು. ಬಾಲ ಸುತ್ತಿ ಕಾಲಿನ ಮೇಲೆ ಇಟ್ಟುಕೊಂಡದ್ದು. ಅದರ ತುದಿಯ ಒಂದಿಂಚು ಮಾತ್ರ ನೆಲಕ್ಕೆ ಟಪ್ ಟಪ್ ಎಂದು ಬಡಿಯುತ್ತಿತ್ತು. ಮುಖ ಗೋಡೆಗೆ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ, ಒಂದು ಸ್ವಿಚ್ ಬೋರ್ಡು. “ಸುಬ್ಬೀ” ಎಂದು ಕರೆದೆ. ಬೆನ್ನು ಅಲುಗಲಿಲ್ಲ. ಆದರೆ ಎಡಗಿವಿ ಮೆಲ್ಲನೆ ತಿರುಗಿ ನನ್ನ ಕಡೆ ಬಂತು. ಬೆಕ್ಕಿನ ಕಿವಿ ಅರ್ಧ ಸುತ್ತು ತಿರುಗುತ್ತದೆ, ಎರಡೂ ಬೇರೆ ಬೇರೆಯಾಗಿ. ಬಲಗಿವಿ ಗೋಡೆಗೆ, ಎಡಗಿವಿ ನನಗೆ. ಇವಳು ಕೇಳಿಸಿಕೊಳ್ಳುತ್ತಿಲ್ಲ ಎಂದು ಯಾರಾದರೂ ಹೇಳಲಿ ನೋಡೋಣ!

ಇದನ್ನು ಜಪಾನಿನಲ್ಲಿ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅತ್ಸುಕೊ ಸೈತೊ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರ ದನಿಗೂ ಪರಕೀಯರ ದನಿಗೂ ಇರುವ ವ್ಯತ್ಯಾಸ ಬೆಕ್ಕಿಗೆ ಗೊತ್ತಾಗುತ್ತದೆ ಎಂದು ಕಂಡಿತು. ಗೊತ್ತಾದದ್ದನ್ನು ತೋರಿಸಿದ್ದು ಹೇಗೆ? ಕಿವಿ ತಿರುಗಿಸಿ, ತಲೆ ಹೊರಳಿಸಿ. ಎದ್ದು ಬರುವ ಔದಾರ್ಯ ತೋರಿದವು ವಿರಳ. 2019ರಲ್ಲಿ ಅದೇ ತಂಡ ಇನ್ನೊಂದನ್ನೂ ಹೇಳಿತು: ಬೆಕ್ಕಿಗೆ ತನ್ನ ಹೆಸರು ಗೊತ್ತು, ಅದೇ ಉದ್ದದ ಬೇರೆ ಪದಗಳ ನಡುವೆಯೂ ಗುರುತಿಸುತ್ತದೆ. ಗೊತ್ತಿದ್ದೂ ಬರುವುದಿಲ್ಲ ಎಂಬ ಮುಂದಿನ ಅಧ್ಯಾಯವನ್ನು ಬೆಕ್ಕು ಸಾಕಿದ ಯಾವ ಮನೆಯಲ್ಲಾದರೂ ಪುಕ್ಕಟೆಯಾಗಿ ಓದಬಹುದು.

ನನ್ನ ವಾದ ಇಷ್ಟೇ. ಬೆಕ್ಕಿಗೆ ನಿಜಕ್ಕೂ ಸಿಟ್ಟು ಬಂದರೆ ರೋಮ ನಿಮಿರಿಸಿ, ಬುಸುಗುಟ್ಟಿ, ಪರಚಿ ಓಡುತ್ತದೆ. ಹಿತ್ತಲಿಗೆ ಬರುವ ಗಂಡು ಬೆಕ್ಕಿನ ಮುಂದೆ ಸುಬ್ಬಿ ಒಂದು ದಿನವೂ ಬೆನ್ನು ಹಾಕಿ ಕೂತದ್ದಿಲ್ಲ. ಆ ಪ್ರಯೋಗ ಅವನ ಮೇಲೆ ನಡೆಯುವುದಿಲ್ಲವೆಂದು ಗೊತ್ತು. ಮುನಿಸಿಗೆ ನೋಡುವವರು ಬೇಕು. ನೋಡಿ ಕಸಿವಿಸಿ ಪಡುವವರು ಬೇಕು. ಕೈಕೇಯಿ ಕೋಪಗೃಹ ಹೊಕ್ಕದ್ದು ದಶರಥ ಹುಡುಕಿಕೊಂಡು ಬರುತ್ತಾನೆ ಎಂಬ ಭರವಸೆಯಿಂದಲೇ. ಬೆಳೆದ ಬೆಕ್ಕುಗಳು ತಮ್ಮ ತಮ್ಮೊಳಗೆ ಮಿಯಾಂವ್ ಎನ್ನುವುದೇ ಅಪರೂಪ, ಆ ಭಾಷೆಯನ್ನು ಹೆಚ್ಚಾಗಿ ಮನುಷ್ಯರಿಗಾಗಿಯೇ ಇಟ್ಟುಕೊಂಡಿವೆ. ಈ ಬೆನ್ನೂ ಹಾಗೆಯೇ, ನಮಗೆಂದೇ ಮೀಸಲು. ನಾಯಿಯನ್ನು ನಾವು ಮಾತು ಕೇಳುವ ಹಾಗೆ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದೆವು. ಬೆಕ್ಕು ಕಣಜದ ಇಲಿ ನೋಡಿಕೊಂಡು ತಾನಾಗಿ ಬಂದದ್ದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿ ಸಿಕ್ಕಿದೆ. ಅಷ್ಟು ಕಾಲದಿಂದ ನಮ್ಮನ್ನು ಹತ್ತಿರದಿಂದ ನೋಡುತ್ತ ಬಂದ ಪ್ರಾಣಿಗೆ ನಮ್ಮ ದುರ್ಬಲ ಜಾಗ ಯಾವುದೆಂದು ತಿಳಿಯದೆ ಇರುತ್ತದೆಯೇ? ಬೈದರೆ ತಡೆದುಕೊಳ್ಳುತ್ತೇವೆ. ಯಾರಾದರೂ ಮಾತು ಬಿಟ್ಟರೆ ನಿದ್ದೆ ಬರುವುದಿಲ್ಲ.

ಮೀನು ಒಂದೇ ಅಲ್ಲ, ಕೋಣೆಯ ಬಾಗಿಲು ಮುಚ್ಚಿದ್ದಕ್ಕೆ ಮುನಿಸು. ತೆರೆದರೆ ಒಳಗೆ ಬರಬೇಕಲ್ಲ, ಇಲ್ಲ, ಹೊಸ್ತಿಲ ಮೇಲೆ ಕೂರುತ್ತಾಳೆ. ಇವರು ಪೇಪರ್ ಓದುವ ಕುರ್ಚಿಯಿಂದ ಎಬ್ಬಿಸಿದ್ದಕ್ಕೆ ಮುನಿಸು. ಬೆಂಗಳೂರಿಗೆ ಮದುವೆಗೆ ಹೋಗಿ ಬಂದಾಗ ಮೈಯಿಂದ ಬೇರೆ ಮನೆಯ ವಾಸನೆ ಬಂದದ್ದಕ್ಕೂ.

ರಾಜಿ ಸಂಧಾನದ ಕಥೆ ಬೇರೆಯೇ. ನಮ್ಮಲ್ಲಿ ಯಾರ ಮುನಿಸಾದರೂ ಸಿಹಿಯಿಂದ ಇಳಿಯುತ್ತದೆ ಎಂಬ ನಂಬಿಕೆ. ಅತ್ತೆ ಪೇಡಾದ ಚೂರು ಹಿಡಿದುಕೊಂಡು ಹೋದರು. ಸುಬ್ಬಿ ಅದನ್ನು ಸ್ವಿಚ್ ಬೋರ್ಡಿನಷ್ಟೂ ಗಮನಿಸಲಿಲ್ಲ. ಪಾಪ, ಅವಳ ತಪ್ಪಲ್ಲ. ಸಿಹಿಯನ್ನು ಗುರುತಿಸುವ ವಂಶವಾಹಿ ಬೆಕ್ಕಿನ ಜಾತಿಯಲ್ಲೇ ಕೆಟ್ಟು ಹೋಗಿದೆ ಎಂದು 2005ರಲ್ಲಿ ಪತ್ತೆಯಾಯಿತು. ಸಕ್ಕರೆಯ ರುಚಿಯೇ ತಿಳಿಯದವರಿಗೆ ಪೇಡಾ ಕೊಟ್ಟು ಒಲಿಸುವುದುಂಟೇ? ಹಾಲಿಟ್ಟು ನೋಡೋಣವೆಂದರೆ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಗೊತ್ತಲ್ಲ, ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡು, ಮುಂದೆ ಅರಸರ ಸಮ್ಮುಖದಲ್ಲೂ ಹಾಲು ಕಂಡರೆ ಓಟ ಕೀಳುತ್ತಿದ್ದದ್ದು. ನಾವೆಲ್ಲ ರಾಮಕೃಷ್ಣನ ಜಾಣತನಕ್ಕೆ ನಕ್ಕೆವು. ಹಸುವಿನ ಹಾಲು ಅವನ ಸಂಸಾರಕ್ಕೆ, ಅಪಹಾಸ್ಯ ಬೆಕ್ಕಿಗೆ. ಆ ಹಠ ನ್ಯಾಯವಾದದ್ದು ಎಂದು ನಾನು ಸುಬ್ಬಿಯ ಪರವಾಗಿ ದಾಖಲಿಸುತ್ತೇನೆ.

ಇವರ ವಿಧಾನ ಆಧುನಿಕ. ಬೆಕ್ಕನ್ನು ನೋಡುತ್ತ ಕಣ್ಣನ್ನು ನಿಧಾನವಾಗಿ ಕಿರಿದು ಮಾಡಿ ಮುಚ್ಚಿದರೆ ಅದು ಸ್ನೇಹದ ಸನ್ನೆಯೆಂದು ತಿಳಿಯುತ್ತದೆ, ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಹಾಗೆ ಹೇಳಿದ್ದಾರೆ. ಹಾಗೆ ಮಾಡಿದ ಅಪರಿಚಿತರು ಚಾಚಿದ ಕೈಯ ಹತ್ತಿರಕ್ಕೂ ಬೆಕ್ಕು ಹೆಚ್ಚಾಗಿ ಬಂತಂತೆ. ಇದನ್ನು ಓದಿದ ಇವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿ ತೆರೆದು ಮಾಡತೊಡಗಿದರು. ಆದರೆ ಸನ್ನೆ ಕಾಣಬೇಕಾದರೆ ಅವಳು ಈ ಕಡೆ ನೋಡಬೇಕಲ್ಲ! ಬೆನ್ನಿಗೆ ಕಣ್ಣು ಮಿಟುಕಿಸಿ ಏನು ಪ್ರಯೋಜನ? ಅತ್ತೆ ಬಂದು ಮಗನನ್ನು ನೋಡಿ, “ಕಣ್ಣಿಗೆ ಎಂತ ಆಯ್ತು? ಕೆಂಗಣ್ಣು ಶುರುವಾಯ್ತಾ? ಮೊನ್ನೆ ತಂದ ಡ್ರಾಪ್ಸ್ ಫ್ರಿಜ್ಜಿನಲ್ಲುಂಟು” ಎಂದರು.

ಎರಡನೇ ದಿನವೂ ಬಟ್ಟಲು ಮುಟ್ಟಲಿಲ್ಲ. ಮನೆಯಲ್ಲಿ ಸೂತಕದ ಮೌನ. “ನೀವು ಕುರ್ಚಿಯಿಂದ ಎಬ್ಬಿಸಿದ್ದೇ ಕಾರಣ” ಎಂದು ನಾನು, “ನಿನ್ನ ಒಣಸಿಗಡಿಯೇ ಕಾರಣ” ಎಂದು ಇವರು. ಸಂಜೆ ಮಳೆ ಹೊಳವಾದಾಗ ಪಕ್ಕದ ಮನೆಯ ಅಕ್ಕ ಕಾಂಪೌಂಡಿನಾಚೆಯಿಂದ ಮಾತಿಗೆ ಸಿಕ್ಕಿದರು. “ಒಂದು ಬೆಕ್ಕು ಬರ್ತದೆ ನಮ್ಮಲ್ಲಿಗೆ. ಬೂದು ಬಣ್ಣ, ಎಷ್ಟು ಸಾಧು ಅಂತೀರಿ! ಕುಟ್ಟಿ ಅಂತ ಕರೀತೇವೆ. ಒಣಸಿಗಡಿ ಅನ್ನ ಅಂದ್ರೆ ಜೀವ.”

ನಾನು ಅತ್ತೆಯ ಮುಖ ನೋಡಲಿಲ್ಲ.

ಆದ್ದರಿಂದ ಬೆಕ್ಕು ಸಾಕಿದವರಲ್ಲಿ ಒಂದು ವಿನಂತಿ. ಮುನಿಸಿಕೊಂಡ ಬೆಕ್ಕಿನ ಹಿಂದೆ ಬೀಳಬೇಡಿ, ಎತ್ತಿ ಮುದ್ದಾಡಲು ಹೋಗಿ ಪರಚಿಸಿಕೊಳ್ಳಬೇಡಿ. ಬಟ್ಟಲಿಟ್ಟು, ಬಾಗಿಲು ತೆರೆದಿಟ್ಟು, ನಿಮ್ಮ ಕೆಲಸ ನೋಡಿಕೊಳ್ಳಿ. ಆದರೆ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ತಮಾಷೆ ಸಾಕು. ಕೆಲವೇ ದಿನ ಉಪವಾಸವಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ, ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ಪಶುವೈದ್ಯರ ಹತ್ತಿರ ಒಯ್ಯಲೇಬೇಕು. ಬುಟ್ಟಿಗೆ ಹಾಕಿ ಆಟೋ ಹತ್ತುವ ಮೊದಲು ಪಕ್ಕದ ಮನೆಯವರನ್ನು ಒಮ್ಮೆ ವಿಚಾರಿಸಿ.