ಗಲಾಟೆ: ಒಂದು ಅರ್ಥಮೀಮಾಂಸೆ (ಉರಿಗಾಂ ಪರಿಸರವನ್ನು ಅನುಲಕ್ಷಿಸಿ)

ಪ್ರಸ್ತುತ ಪ್ರಬಂಧವು 'ಗಲಾಟೆ' ಎಂಬ ಪದದ ಬಹುಸ್ತರೀಯ ಅರ್ಥವಲಯಗಳನ್ನು ಉರಿಗಾಂ ನೆಲೆಯಿಂದ ಅನುಸಂಧಾನಗೊಳಿಸುವ ವಿನಮ್ರ ಪ್ರಯತ್ನವಾಗಿರುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್ ದಾಟಿದ ಮೇಲೆ ಸಿಗುವ, ಕೋಲಾರ ಚಿನ್ನದ ಗಣಿಯ ಈ ಊರಿನಲ್ಲಿ ತಮಿಳರು 'ಗಲಾಟ್ಟಾ' ಎನ್ನುತ್ತಾರೆ, ತೆಲುಗರು 'ಗಲಾಟಾ', ನಾವು ಗಲಾಟೆ. ಪದ ಯಾರದು ಎಂಬುದರ ಮೇಲೆಯೇ ಒಂದು ಗಲಾಟೆ ಎಬ್ಬಿಸಬಹುದಾಗಿದ್ದು, ವಿದ್ವತ್ ಲೋಕ ಈ ಅವಕಾಶವನ್ನು ಕೈಬಿಡಬಾರದು.

ಮೊದಲನೆಯದು ಶಿಶುಕೇಂದ್ರಿತ ಗಲಾಟೆ. ಗಣಿ ಕಾರ್ಮಿಕರ ಲೈನ್ ಮನೆಯ ಮಾಡಿನ ಮೇಲೆ ಚೆಂಡು ದಢಾರನೆ ಬಿದ್ದಾಗ ಇದು ಉತ್ಪನ್ನವಾಗುತ್ತದೆ. "ಏಯ್, ಗಲಾಟೆ ಮಾಡ್ಬೇಡ್ರೋ, ನಿಮ್ಮಪ್ಪ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ಮಲ್ಗವ್ರೆ" ಎಂಬ ತಾಯಿಯ ಉದ್ಗಾರವೇ ಇದರ ಮೂಲಪಠ್ಯ. ಉಪವಿಧಗಳು: ಚೆಂಡುನಿಷ್ಠ, ಗೋಲಿನಿಷ್ಠ, ಬುಗುರಿನಿಷ್ಠ.

ಎರಡನೆಯದು ಉಲ್ಲಾಸಾತ್ಮಕ ಗಲಾಟೆ. ಬೆಂಗಳೂರಿಗೆ ದಿನಾ ಓಡಾಡುವವರು ಬೆಳಗಿನ ರೈಲಿನಲ್ಲಿ ತೊಡೆಯಿಂದ ತೊಡೆಗೆ ಟವೆಲ್ ಹಾಸಿ ಇಸ್ಪೀಟು ಕಲೆಸುವುದನ್ನು ವಿದ್ವಾಂಸರು 'ಚಲನಶೀಲ ಸಂಕಥನ' ಎನ್ನುವರು. ಆಡುವವರು "ಬೇಗ ಎಲೆ ಹಾಕಪ್ಪ, ವೈಟ್‌ಫೀಲ್ಡ್ ಬಂತು" ಎನ್ನುವರು.

ಮೂರನೆಯದು ಭೂಗರ್ಭೀಯ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ಪಾತ್ರೆಗಳು ಅದುರುತ್ತಿದ್ದವು. ಇದನ್ನು ಮಾತ್ರ ಯಾರೂ ಗಲಾಟೆ ಎನ್ನಲಿಲ್ಲ. ಇದಕ್ಕೆ 'ರಾಕ್‌ಬರ್ಸ್ಟ್' ಎಂಬ ಮರ್ಯಾದೆಯ ಹೆಸರಿತ್ತು.

ನಾಲ್ಕನೆಯದು ಶಾಂತಿಭಂಗಾತ್ಮಕ. 1930ರಲ್ಲಿ ಗಣಿಯವರು ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಿ ಎಂದಾಗ, ನಾವೇನು ಕಳ್ಳರೇ ಎಂದು ಸಾವಿರಾರು ಕೂಲಿಗಳು ಗಣಿಗೆ ಇಳಿಯಲಿಲ್ಲ. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಸತ್ತರು. ಬಂಡೆ ಸಿಡಿದರೆ ಅವಘಡ, ಆಳು ಸಿಡಿದರೆ ಗಲಾಟೆ. ಇಲ್ಲಿ 'ಅರ್ಥಪಲ್ಲಟದ ತಾತ್ವಿಕತೆ' ಅಂತ ಒಂದು ಪ್ಯಾರಾ ಬರೆದಿದ್ದೆ. ಹರಿದು ಹಾಕಿದೆ.

ಐದರಿಂದ ಹನ್ನೊಂದರವರೆಗಿನ ವಿಧಗಳು ಯಾರಿಗೂ ಬೇಡ, ಬಿಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಆಮೇಲೆ ಬಾಕಿ ಹಣ ಕೊಡಿ ಎಂದರೂ ಗಲಾಟೆ, ತಲೆಮಾರುಗಳಿಂದ ಇದ್ದ ಮನೆಯನ್ನು ನಮ್ಮ ಹೆಸರಿಗೆ ಮಾಡಿಕೊಡಿ ಎಂದರೂ ಗಲಾಟೆ, ಗಾಳಿ ಎದ್ದರೆ ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ಗುಡ್ಡದ ದೂಳು ಅನ್ನಕ್ಕೆ ಬೀಳುತ್ತದೆ ಎಂದರೂ ಗಲಾಟೆ. ದೇಶಕ್ಕೆ ಚಿನ್ನ ಎತ್ತಿಕೊಟ್ಟು ಎದೆಯೊಳಗೆ ಕಲ್ಲುಪುಡಿ ಉಳಿಸಿಕೊಂಡವರು ಅಧಿಕಾರಿಗಳ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತರೆ, ಬುಗುರಿ ಆಡುವ ಹುಡುಗರಿಗೆ ಹೇಳಿದ ಹಾಗೆ, ಗಲಾಟೆ ಮಾಡ್ಬೇಡಿ, ಹೊರಗೆ ಕೂತ್ಕೊಳ್ಳಿ! ಆ ತಾಯಿ ಗದರಿದ್ದಕ್ಕಾದರೂ ಅರ್ಥವಿತ್ತು, ಒಳಗೆ ದುಡಿದವನೊಬ್ಬ ಮಲಗಿದ್ದ. ಇವರು ಯಾರ ನಿದ್ದೆ ಕೆಟ್ಟೀತೆಂದು ಹೆದರುತ್ತಾರೆ?

ಗೋಷ್ಠಿಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ: ಸಮಯ ಮುಗಿದಿದೆ, ದಯವಿಟ್ಟು ದನಿ ತಗ್ಗಿಸಿ.