ದೆವ್ವದ ಟಿಕೆಟ್ ನಂಬರ್

ನಮ್ಮ ಮನೆಯ ವಿಳಾಸದಲ್ಲಿಯೇ ಒಂದು ಊರಿದೆ. ರಾಜಾಜಿನಗರ, ವೆಸ್ಟ್ ಆಫ್ ಕಾರ್ಡ್ ರೋಡ್, ಇಂಡಸ್ಟ್ರಿಯಲ್ ಟೌನ್. ಇದನ್ನು ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪಾರ್ಸೆಲ್ ಹುಡುಗ ಬಸವೇಶ್ವರನಗರ ದಾಟಿ ವಿಜಯನಗರದ ಯಾವುದೋ ಕ್ರಾಸಿನಲ್ಲಿ ನಿಂತು ನನ್ನನ್ನೇ ಬೈಯುತ್ತಿರುತ್ತಾನೆ.

ಇಷ್ಟು ವರ್ಷ ಈ ವಿಳಾಸ ರೇಷನ್ ಕಾರ್ಡಿಗೆ, ಮದುವೆ ಕಾಗದಗಳಿಗೆ ಬಿಟ್ಟು ಇನ್ನಾವ ಉಪಯೋಗಕ್ಕೂ ಬಂದಿರಲಿಲ್ಲ. ಅಕ್ಕನ ಮಗನಿಗೆ ಅದರಲ್ಲಿ ಬಂಡವಾಳ ಕಂಡಿತು. ಅವನು ವೆಬ್ ಸೀರೀಸ್‌ಗಳಿಗೆ ಕಥೆ ಹುಡುಕಿಕೊಡುವವನು. "ಮಾವ, ಈಗ ಹಾರರ್‌ಗೆ ಒಳ್ಳೆ ಮಾರ್ಕೆಟ್ ಇದೆ. ಸಾಯ್ತಾ ಇರೋ ಒಂದು ಕಾರ್ಖಾನೆ ಊರು, ಅಲ್ಲೊಂದು ದೆವ್ವ. ನೀವು ಕಾದಂಬರಿ ಬರೀರಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ಸ್ಟೀಫನ್ ಕಿಂಗ್ ಹುಡುಗನಾಗಿದ್ದಾಗ ಅಮೆರಿಕದ ಮೇನ್ ರಾಜ್ಯದ ಒಂದು ಗಿರಣಿಯಲ್ಲಿ ದುಡಿದನಂತೆ. ಆಮೇಲೆ ರಾತ್ರಿ ಪಾಳಿಯಲ್ಲಿ ಗಿರಣಿಯ ನೆಲಮಾಳಿಗೆಯ ಇಲಿಗಳನ್ನು ಓಡಿಸಲು ಹೋದವರ ಕಥೆ ಬರೆದು 1970ರಲ್ಲಿ ಅಚ್ಚು ಮಾಡಿಸಿದನಂತೆ. ಪೆನ್ಸಿಲ್ವೇನಿಯದ ಸೆಂಟ್ರೇಲಿಯ ಎಂಬ ಊರಿನ ಕೆಳಗೆ ಕಲ್ಲಿದ್ದಲು 1962ರಿಂದ ಉರಿಯುತ್ತಲೇ ಇದೆಯಂತೆ, ಊರಲ್ಲಿ ಜನ ಹೆಚ್ಚುಕಡಿಮೆ ಇಲ್ಲವೇ ಇಲ್ಲವಂತೆ. ಇಲಿ ನಮ್ಮಲ್ಲೂ ಬೇಕಾದಷ್ಟಿವೆ. ಜನ ಇಲ್ಲದ ಜಾಗ ಮಾತ್ರ ಎಲ್ಲಿಂದ ತರುವುದು?

ಆದರೂ ಹುಡುಕಲು ಹೊರಟೆ. ದೆವ್ವ ಇರಬೇಕೆಂದರೆ ಮೊದಲು ಒಂದು ಪಾಳು ಕಟ್ಟಡ ಬೇಕು. ಬೆಂಗಳೂರಿನ ಪಶ್ಚಿಮಕ್ಕೆ ಅದಕ್ಕೇನು ಬರ, ಗಿರಣಿಗಳ ಸೀಮೆಯಲ್ಲವೇ ಎಂದುಕೊಂಡು ಮೊದಲು ಮಲ್ಲೇಶ್ವರದ ಅಂಚಿನ ರಾಜಾ ಮಿಲ್ಲಿಗೆ ಹೋದೆ. ಅಲ್ಲಿ 2010ರಿಂದ ಮಂತ್ರಿ ಮಾಲ್ ಇದೆ. ಕಿರ್ಲೋಸ್ಕರ್ ಕಾರ್ಖಾನೆ ಇದ್ದಲ್ಲಿ ಒರಾಯನ್ ಮಾಲ್. 1884ರಲ್ಲಿ ಶುರುವಾಗಿ, ಒಂದು ಪೇಟೆಗೇ ತನ್ನ ಹೆಸರು ಕೊಟ್ಟ ಬಿನ್ನಿ ಮಿಲ್ಲಿನ ನೆಲದಲ್ಲಿ ಅಪಾರ್ಟ್‌ಮೆಂಟು, ಅದರ ಪಕ್ಕದಲ್ಲಿ ಇನ್ನೊಂದು ಮಾಲ್. ಯಂತ್ರಕ್ಕೆ ಕೈ ಕೊಟ್ಟು ಸತ್ತ ಪಾಪದ ಆತ್ಮವೊಂದು ಹಳೆಯ ಜಾಗ ಹುಡುಕಿಕೊಂಡು ಬಂದರೂ ಬಾಗಿಲಲ್ಲಿ ಸೆಕ್ಯುರಿಟಿಯವನು ಬ್ಯಾಗು ತೆಗೆಸಿ ನೋಡುತ್ತಾನೆ. ಒಳಗೆ ಹೋದರೆ ಎಸ್ಕಲೇಟರ್. ಪಾದ ಹಿಂದುಮುಂದಾಗಿರುವವರು ಅದನ್ನು ಹತ್ತುವುದು ಹೇಗೆ?

ಉಳಿದದ್ದು ಮಾಗಡಿ ರಸ್ತೆಯ ಕಡೆಯ ಮಿನರ್ವ ಮಿಲ್. ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯನ್ನು ಕೇಳಿದರೂ ಈ ಹೆಸರು ಹೇಳುತ್ತಾನೆ. ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಒಂದು ಗಡಿ ಇದೆ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿದ್ದು ಈ ಮಿಲ್ಲಿನ ಕೇಸಿನಲ್ಲೇ. ಆಟೋದವರಿಗೆ ಮಾತ್ರ ಅದು ಶೂಟಿಂಗ್ ಜಾಗ. ನಿಜವಾದ ಪಾಳು ಮಿಲ್ಲಿನೊಳಗೆ ಪ್ಲೈವುಡ್ಡಿನ ಪಾಳುಗೋಡೆ ನಿಲ್ಲಿಸಿ, ಬಾಡಿಗೆ ಹೊಗೆ ಬಿಟ್ಟು, ಹೀರೋನನ್ನು ಓಡಿಸುವ ಕಡೆ ಮರ್ಯಾದಸ್ಥ ದೆವ್ವ ಯಾವುದೂ ನಿಲ್ಲಲಾರದು. ನಿಂತರೂ ಜೂನಿಯರ್ ಆರ್ಟಿಸ್ಟ್ ಎಂದು ಊಟದ ಸಾಲಿಗೆ ಕಳಿಸುತ್ತಾರೆ.

ಇನ್ನು 1949ರಲ್ಲಿ ರಾಜಾಜಿಯವರ ಹೆಸರಿಟ್ಟು ಶುರುಮಾಡಿದ ನಮ್ಮ ಬಡಾವಣೆ ಸಾಯುತ್ತಿದೆಯೋ ಬದುಕಿದೆಯೋ ನನಗೇ ತೀರ್ಮಾನವಾಗಿಲ್ಲ. ಹಿಂದಿನ ಬೀದಿಯಲ್ಲಿ ನಾಲ್ಕು ಲೇತ್ ಅಂಗಡಿ ಮುಚ್ಚಿದವು. ಒಂದು ಜಿಮ್ ಆಯಿತು, ಒಂದು ಪಿ.ಜಿ. ಆಯಿತು, ಎರಡರಲ್ಲಿ ದರ್ಶಿನಿ. ಐದನೆಯದರಲ್ಲಿ ಇಂದಿಗೂ ಒಬ್ಬರು ಹಳೆಯ ಎಚ್‌ಎಂಟಿ ಲೇತಿನ ಮುಂದೆ ನಿಂತು ಜಾಬ್ ವರ್ಕ್ ಮಾಡುತ್ತಾರೆ. ಗಾಳಿ ಬೀಸಿದರೆ ಸೋಪ್ ಫ್ಯಾಕ್ಟರಿ ಕಡೆಯಿಂದ ಗಂಧದ ವಾಸನೆ. ಮೋಹಿನಿ ಬರುವಾಗ ಮಲ್ಲಿಗೆ ಘಮ್ಮೆನ್ನಬೇಕು ಎಂದು ಶಾಸ್ತ್ರ. ಇಲ್ಲಿ ಮೈಸೂರು ಸ್ಯಾಂಡಲ್ ಸೋಪು ಘಮ್ಮೆಂದರೆ ಓದುಗರು ಹೆದರುವ ಬದಲು ಸ್ನಾನಕ್ಕೆ ಎದ್ದುಹೋದಾರು.

"ಹಾಗಾದ್ರೆ ಕೆಜಿಎಫ್‌ಗೆ ಹೋಗಿ" ಎಂದ ಅಕ್ಕನ ಮಗ. ಹೋದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, 2001ರ ಫೆಬ್ರವರಿ 28ರಂದು ಎಲ್ಲಕ್ಕೂ ಬೀಗ ಬಿದ್ದದ್ದು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದುಕೊಂಡಿದ್ದೆ. ಸಯನೈಡ್ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟುಗಳು, ಮಟಮಟ ಮಧ್ಯಾಹ್ನ ಬೀಗ ಹಾಕಿದ ಸಾಲು ಮನೆಗಳು. ಕಾದಂಬರಿಗೆ ಹೇಳಿ ಮಾಡಿಸಿದ ಊರು ಎಂದು ಖುಷಿಯಾಗಿ ಟೀ ಅಂಗಡಿಯ ಹಿರಿಯರನ್ನು ಕೇಳಿದೆ, ಇಲ್ಲಿ ದೆವ್ವ ಗಿವ್ವ ಏನಾದರೂ ಉಂಟೇ ಎಂದು. ಅವರು ಲೋಟ ತೊಳೆಯುತ್ತಲೇ, "ರಾತ್ರಿ ಟೇಸನ್ ಹತ್ರ ನಿಂತ್ಕೊಳ್ಳಿ ಸಾರ್. ನಿದ್ದೆಗಣ್ಣಲ್ಲಿ ಇಳ್ಕೊಂಡು ಬರ್ತವೆ" ಎಂದರು. ಬೆಳಕು ಹರಿಯುವ ಮೊದಲು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಊರಿನ ಮಕ್ಕಳ ಮಾತು ಅದು. ಅವರು ಬರುವ ರೈಲಿಗೆ ಎದುರಾಗಿ ನಾನೂ ರೈಲು ಹಿಡಿದು ಮನೆಗೆ ಬಂದೆ. ಬಂಗಾರಪೇಟೆಯವರೆಗೂ ನಿಂತೇ ಬರಬೇಕಾಯಿತು.

ನಿಜ ಹೇಳಬೇಕೆಂದರೆ ಊರೂರು ಅಲೆಯುವ ಅಗತ್ಯವೇ ಇರಲಿಲ್ಲ. ನಮ್ಮ ಬೀದಿಗೇ ಒಮ್ಮೆ ದೆವ್ವ ಬಂದಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ, 'ನಾಳೆ ಬಾ'. ರಾತ್ರಿ ಬಾಗಿಲು ಬಡಿದು ಮನೆಯವರ ದನಿಯಲ್ಲೇ ಕರೆಯುತ್ತದೆ, ತೆಗೆದರೆ ಕಥೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಓದಿಕೊಂಡು ಹೋಗುತ್ತದೆ. ಅಷ್ಟು ವಿಧೇಯ ದೆವ್ವ. ನಮ್ಮದು ಮಿಲ್ಲಿನವರ ಬೀದಿ. ಕನ್ನಡ, ತಮಿಳು, ತೆಲುಗು ಎಲ್ಲ ಇದ್ದವು. ಬಂದದ್ದಕ್ಕೆ ಕನ್ನಡ ಓದಲು ಬರದಿದ್ದರೇನು ಗತಿ ಎಂದು ಎದುರುಮನೆಯವರು ಮೂರು ಲಿಪಿಯಲ್ಲೂ ಬರೆಸಿದ್ದರು. ನಮ್ಮ ಬಾಗಿಲಿಗೆ ಬರೆದವನು ನಾನೇ, ಶಾಲೆಯಿಂದ ಜೇಬಿಗಿಳಿಸಿ ತಂದ ಸೀಮೆಸುಣ್ಣದಲ್ಲಿ.

ಬೇರೆ ಬಡಾವಣೆಗಳಲ್ಲಿ ಇದು ಸಲೀಸಾಗಿ ನಡೆದಿರಬೇಕು. ಕಾರ್ಮಿಕರ ಬೀದಿಯಲ್ಲಿ ಒಂದು ತೊಡಕಿತ್ತು. ಸೆಕೆಂಡ್ ಶಿಫ್ಟು ಬಿಡುವುದೇ ರಾತ್ರಿ ಹನ್ನೊಂದಕ್ಕೆ. ಹನ್ನೊಂದೂವರೆಗೆ ಅರ್ಧ ಬೀದಿಯ ಗಂಡಸರು ಬಾಗಿಲು ಬಡಿದು, ಮನೆಯವರ ದನಿಯಲ್ಲೇ ಕರೆಯುತ್ತಿದ್ದರು.

"ಏ ಇವಳೇ, ಬಾಗಿಲು ತೆಗಿಯೇ."

ಒಳಗೆ ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು. ದನಿ ಅಪ್ಪನದೇ. ಅದೇ ಭಯ. ಹೆಸರು ಕೇಳೋಣವೆಂದರೆ ದೆವ್ವ ಹೇಳಿಬಿಡಬಹುದು. ಹೇಳಿದ್ದು ಸರಿ ಎನ್ನಲಿಕ್ಕಾದರೂ ಗಂಡನ ಹೆಸರು ಬಾಯಲ್ಲಿ ಬರಬೇಕಲ್ಲ, ಅವಳು ಅದುವರೆಗೆ ಒಮ್ಮೆಯೂ ಹೇಳಿದವಳಲ್ಲ. ಕೊನೆಗೆ ಕೇಳಿದಳು:

"ಟಿಕೆಟ್ ನಂಬರ್ ಹೇಳಿ!"

ಮಿಲ್ಲಿನ ಗೇಟಿನಲ್ಲಿ ದಿನಾ ಕೂಗಿಸಿಕೊಳ್ಳುವ ನಂಬರು. ಅಪ್ಪ ಕತ್ತಲಲ್ಲಿ ನಿಂತು ಹೇಳಿದರು. ಪಿ.ಎಫ್. ಚೀಟಿಯ ಜೊತೆ ನಾನು ತಾಳೆ ನೋಡಿದೆ. ಬಾಗಿಲು ತೆರೆಯಿತು. ಮರುದಿನ ಈ ಉಪಾಯ ಇಡೀ ಬೀದಿಗೆ ಹಬ್ಬಿ, ರಾತ್ರಿ ಹನ್ನೊಂದೂವರೆಗೆ ಮನೆಮನೆಯ ಮುಂದೆ ಗಂಡಸರು ಅಂಕಿ ಒಪ್ಪಿಸುತ್ತಿದ್ದರು. ಮೂರನೆಯ ಮನೆಯವರೊಬ್ಬರು ಕುಡಿದು ಬಂದು ಒಂದಂಕಿ ತಪ್ಪಿ ಹೇಳಿ, ಬೆಳಗಿನವರೆಗೂ ಜಗಲಿಯಲ್ಲೇ ಮಲಗಿದ್ದರು.

ಮಳೆಗೆ ಸೀಮೆಸುಣ್ಣ ಅಳಿಸಿಹೋಯಿತು. ಕೆಲವು ವರ್ಷಕ್ಕೆ ಅಪ್ಪನ ಮಿಲ್ಲೂ ಮುಚ್ಚಿತು. ಯಾವ ಮಿಲ್ಲು ಎನ್ನುವುದು ಬೇಡ, ಬಾಕಿ ಬರಬೇಕಿದ್ದವರು ಒಂದೇ ಮಿಲ್ಲಿನಲ್ಲಿರಲಿಲ್ಲ. ಗ್ರಾಚ್ಯುಟಿ ಕೇಳಲು ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದರು. ಕಿಟಕಿಯಾಚೆಗಿನ ಗುಮಾಸ್ತ ತಲೆಯೆತ್ತದೆ ಟಿಕೆಟ್ ನಂಬರ್ ಕೇಳುತ್ತಿದ್ದ. ಅಪ್ಪ ಹೇಳುತ್ತಿದ್ದರು. ಅವನು ದಪ್ಪ ಪುಸ್ತಕ ತಿರುವಿ, "ನಾಳೆ ಬನ್ನಿ" ಎನ್ನುತ್ತಿದ್ದ. ಅಪ್ಪ ಮಾರನೆಯ ದಿನ ಹೋಗುತ್ತಿದ್ದರು. ಮತ್ತೆ ಅದನ್ನೇ ಕೇಳಿಸಿಕೊಂಡು ಬರುತ್ತಿದ್ದರು. ಮನೆಗೆ ಬಂದು, "ನಾನೇ ದೆವ್ವ ಆಗೋದೆ ಕಣೇ" ಎಂದು ಒಮ್ಮೆ ನಕ್ಕಿದ್ದರು. ಅಮ್ಮ ನಗಲಿಲ್ಲ. ದುಡ್ಡು ಕೊನೆಗೆ ಬಂತು, ಕಂತಿನಲ್ಲಿ.

ಇದನ್ನೆಲ್ಲ ಬರೆದು ಅಕ್ಕನ ಮಗನಿಗೆ ಕಳಿಸಿದೆ. "ಚೆನ್ನಾಗಿದೆ ಮಾವ, ಆದ್ರೆ ದೆವ್ವ ಎಲ್ಲಿ?" ಎಂದು ಕೇಳಿದ. ಕಾದಂಬರಿ ಅಲ್ಲಿಗೇ ನಿಂತಿದೆ.

ಮೊನ್ನೆ ಅಮ್ಮನಿಗೆ ವಿಷಯ ಹೇಳಿದೆ. ಅವಳಿಗೀಗ ಎಂಬತ್ತು. ಅವರೆಕಾಳು ಹಿಸುಕುತ್ತಾ ಕೂತಿದ್ದಳು.

"ಏನು ಕಥೆಯೋ ಅದು?"

"ಹಾಳುಬಿದ್ದ ಮಿಲ್ಲಿನ ಕಥೆ ಅಮ್ಮ. ದಿನಾ ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ."

"ಎಷ್ಟು ಗಂಟೆಗೆ?"

"ಹನ್ನೊಂದೂವರೆಗೆ ಅಂತ ಇಟ್ಕೊಂಡಿದೀನಿ."

ಅವಳ ಕೈ ಒಂದು ಗಳಿಗೆ ನಿಂತಿತು. "ಹಾಗಾದ್ರೆ ಸೆಕೆಂಡ್ ಶಿಫ್ಟು" ಎಂದಳು. "ಪಾಪ, ಊಟ ಆಗಿರಲ್ಲ."